ಸಿಂಹದ ಹಣೆಗೆ ಕುಂಕುಮ

ಹಳೆಯ ಹತ್ತಿಯ ನೈಟಿಯೊಂದನ್ನು ಉದ್ದಕ್ಕೆ ಕತ್ತರಿಸಿ, ಎರಡು ಮಗ್ಗುಲನ್ನೂ ಕೆಳಗಿನ ಬಾಯಿಯನ್ನೂ ಹೊಲಿದು, ಮೇಲಿನ ಬಾಯಿಗೆ ಲಂಗದ ಲಾಡಿಯೊಂದನ್ನು ಪೋಣಿಸಿದರೆ, ವಿಕ್ಟೋರಿಯಾ ರಾಣಿಯ ನೌಕಾಪಡೆಯ ಅಧಿಕಾರಿಯೊಬ್ಬ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಖಡ್ಗಕ್ಕೆ ಅಳತೆ ತೆಗೆದು ಹೊಲಿಸಿದಂಥ ಚೀಲವಾಗುತ್ತದೆ. ಇದು ಯಾವ ಸಂಗ್ರಾಹಕರ ಕೈಪಿಡಿಯಲ್ಲೂ ಇರಲಿಕ್ಕಿಲ್ಲ. ಹಲವು ಸಲ ಒಗೆದು ಮೆತ್ತಗಾದ ಹತ್ತಿಬಟ್ಟೆ ಲೋಹಕ್ಕೆ ಒಳ್ಳೆಯದು, ಗೀರು ಬೀಳುವುದಿಲ್ಲ, ತೇವ ಹೀರುತ್ತದೆ ಎಂಬಷ್ಟನ್ನು ಬಲ್ಲವರು ಹೇಳುತ್ತಾರೆ. ನೈಟಿಯ ಭಾಗ ನನ್ನ ಸ್ವಂತ ಸಂಶೋಧನೆ. ಹೀಗಾಗಿ ಬಹರೈನಿನ ಅರಾದ್ ಎಂಬ ಊರಿನ ನಮ್ಮ ಮನೆಯ ಮಲಗುವ ಕೋಣೆಯಲ್ಲಿ, ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ನೀಲಿ ಹೂವಿನದೊಂದು, ಗುಲಾಬಿ ಚುಕ್ಕಿಯದೊಂದು, ಬಣ್ಣ ಹೋಗಿ ಈಗ ಯಾವ ಬಣ್ಣದ್ದೆಂದು ಹೇಳಲಾಗದ್ದೊಂದು, ಹೀಗೆ ಮೂರು ನೈಟಿಗಳು ತಲೆಯಿಲ್ಲದ ಅತ್ತೆಯರಂತೆ ಸಾಲಾಗಿ ನಿಂತಿವೆ. ವಿಮಾನ ನಮ್ಮ ಮಾಳಿಗೆಯ ಮೇಲಿಂದ ಇಳಿಯುವಾಗ ಮೂರೂ ಸಣ್ಣಗೆ ನಡುಗುತ್ತವೆ.

ನೌಕಾಧಿಕಾರಿಯ ಖಡ್ಗವನ್ನು ನೀವು ನೋಡಿರದಿದ್ದರೆ, ಅದು ಹೇಗಿರುತ್ತದೆಂದು ಹೇಳಿಬಿಡುತ್ತೇನೆ. ಹಿಡಿಯ ತುದಿಯಲ್ಲಿ ಒಂದು ಸಿಂಹದ ತಲೆ. ಅದರ ಕೇಸರ ಹಿಡಿಯ ಬೆನ್ನಿನ ಉದ್ದಕ್ಕೂ ಜಡೆಯಂತೆ ಇಳಿದುಬರುತ್ತದೆ. ಕೈಯನ್ನು ಕಾಯಲು ಅರ್ಧ ತೆಂಗಿನ ಚಿಪ್ಪಿನಂತೆ ಬಾಗಿದ ಹಿತ್ತಾಳೆಯ ತಟ್ಟೆ, ಅದರ ಮೇಲೆ ಕಿರೀಟ, ಕಿರೀಟದ ಕೆಳಗೆ ಹಗ್ಗ ಸುತ್ತಿಕೊಂಡ ಲಂಗರು. ಮುಷ್ಟಿ ಕೂರುವ ಜಾಗಕ್ಕೆ ಬಿಳಿಯ ಒರಟು ಮೀನಿನ ಚರ್ಮ, ತೊರಕೆಯದೋ ಶಾರ್ಕಿನದೋ, ಬೆವರಿದರೂ ಕೈ ಜಾರದ ಹಾಗೆ. ಹಿತ್ತಾಳೆಗೆಲ್ಲ ಚಿನ್ನದ ಲೇಪ. ಇವೆಲ್ಲವನ್ನೂ ಮೊದಲ ಸಲ ನನ್ನ ಗಂಡ ಲ್ಯಾನ್ಸಿಗೆ ವಿವರಿಸಿದಾಗ ಅವರು ಬಹಳ ತಾಳ್ಮೆಯಿಂದ ಕೇಳಿ, ಬಹರೈನಿಗೆ ಬಂದ ಹೆಂಗಸರೆಲ್ಲ ಚಿನ್ನ ತಗೊಳ್ಳುತ್ತಾರೆ, ನನ್ನವಳು ಮಾತ್ರ ಚಿನ್ನ ಹಚ್ಚಿದ ಹಿತ್ತಾಳೆ ತಗೊಳ್ಳುತ್ತಾಳೆ, ಅದೂ ಪುಳಿಮುಂಚಿ ಮಾಡಬಹುದಾಗಿದ್ದ ಮೀನನ್ನು ಅಂಟಿಸಿದ್ದು ಎಂದರು. ಅಂದಿನಿಂದ ಈ ಮಾತನ್ನು ಮನೆಗೆ ಬಂದ ಪ್ರತಿಯೊಬ್ಬರ ಎದುರೂ ಹೇಳುತ್ತಾರೆ, ಪ್ರತಿ ಸಲವೂ ಈಗಷ್ಟೇ ಹೊಳೆದಂತೆ.

ಕಾರ್ಕಳದ ಕಡೆಯ ಹೆಂಗಸೊಬ್ಬಳು, ಹಡಗುಗಳಿಗೆ ಅಕ್ಕಿ, ಈರುಳ್ಳಿ, ಹಗ್ಗ, ಬಣ್ಣ ಒದಗಿಸುವ ಕಚೇರಿಯಲ್ಲಿ ಗುಮಾಸ್ತೆಯಾಗಿರುವವಳು, ಇಂಗ್ಲಿಷರ ಖಡ್ಗಗಳನ್ನು ಏಕೆ ಕೂಡಿಡುತ್ತಾಳೆ ಎಂದು ಕೇಳುವವರಿಗೆ ನಾನು ಈವರೆಗೆ ಬೇರೆಬೇರೆ ಉತ್ತರ ಕೊಟ್ಟಿದ್ದೇನೆ. ಇಗರ್ಜಿಯ ಗೋಡೆಯ ಮೇಲೆ ಸಂತ ಮೈಕೇಲನ ಕೈಯಲ್ಲಿದ್ದ ಖಡ್ಗವನ್ನು ಬಾಲ್ಯದಲ್ಲಿ ದಿಟ್ಟಿಸಿ ನೋಡುತ್ತಿದ್ದೆ ಎಂದು ಒಬ್ಬರಿಗೆ ಹೇಳಿದೆ. ನಮ್ಮನ್ನು ಆಳಿದವರ ಆಯುಧ ನಮ್ಮ ನೈಟಿಯೊಳಗೆ ನಿಲ್ಲುವುದರಲ್ಲಿ ಒಂದು ನ್ಯಾಯವಿದೆ ಎಂದು ಇನ್ನೊಬ್ಬರಿಗೆ ಹೇಳಿದೆ. ಅವರು ಅದನ್ನು ಬಹಳ ಮೆಚ್ಚಿಕೊಂಡರು, ಹಾಗಾಗಿ ಅದು ಸುಳ್ಳಿರಬೇಕೆಂದು ನನಗೆ ಅನುಮಾನ. ನೆನಪು ಯಾವಾಗ ಹೊಂದಿಕೊಂಡು, ನೆರಿಗೆಯಿಲ್ಲದೆ, ಇಸ್ತ್ರಿ ಮಾಡಿದ ಹಾಗೆ ಬರುತ್ತದೋ ಆಗ ಅದರ ಹಿಂದೆ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಾರೆಂದೇ ಅರ್ಥ; ಹೆಚ್ಚಿನ ಸಲ ಅದು ನಾವೇ. ಆದ್ದರಿಂದ ಈ ಪ್ರಶ್ನೆಗೆ ಉತ್ತರವಿಲ್ಲದೆ ಮುಂದೆ ಹೋಗೋಣ. ನನಗೆ ಅವು ಇಷ್ಟ. ಹಲಸಿನ ಹಣ್ಣು ಇಷ್ಟಪಡುವವರನ್ನು ಯಾರೂ ಕಾರಣ ಕೇಳುವುದಿಲ್ಲ.

ಮೊದಲ ಖಡ್ಗ ಸಿಕ್ಕಿದ್ದು ಸೇತುವೆಯಾಚೆಗಿನ ಅದ್ಲಿಯಾ ಬಡಾವಣೆಯಲ್ಲಿ. ಬಹುಕಾಲ ಈ ದ್ವೀಪದಲ್ಲಿದ್ದ ಇಂಗ್ಲಿಷ್ ಮುದುಕಿಯೊಬ್ಬರು ಮನೆ ಖಾಲಿ ಮಾಡುತ್ತ ಅಂಗಳದಲ್ಲಿ ಸಾಮಾನು ಹರಡಿದ್ದರು. ನಾನು ಹೋದದ್ದು ಇಸ್ತ್ರಿ ಮಾಡುವ ಮೇಜಿಗೆ. ಮೇಜನ್ನು ಯಾರೋ ಮೊದಲೇ ಎತ್ತಿಕೊಂಡು ಹೋಗಿದ್ದರು. ಅದು ಇದ್ದ ಜಾಗದಲ್ಲಿ, ಮಡಚಿದ ಕೊಡೆಗಳ ನಡುವೆ, ಈ ಖಡ್ಗವಿತ್ತು. ನಾನು ಒರೆಯನ್ನು ಹಿಡಿದು ಎತ್ತಿದೆ. ಅದೇ ಹೊತ್ತಿಗೆ ಇನ್ನೊಂದು ಕೈ ಅದರ ಹಿಡಿಯನ್ನು ಹಿಡಿದು ಎತ್ತಿತು. ಆ ಕೈಯ ಮೇಲ್ಭಾಗದಲ್ಲಿ ಮೈಸೂರಿನ ರತ್ನಾ ಇದ್ದಳು. ಅವಳು ಅದ್ಲಿಯಾದಲ್ಲೇ ವಾಸ, ವಿಮೆಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ನಾನವಳನ್ನು ಕನ್ನಡದವರ ಕಾರ್ಯಕ್ರಮಗಳಲ್ಲಿ ದೂರದಿಂದ ನೋಡಿದ್ದೆ, ಮಾತಾಡಿರಲಿಲ್ಲ. ಇಬ್ಬರೂ ಸೌಜನ್ಯದಿಂದ ನಕ್ಕೆವು, ಬಿಡಲಿಲ್ಲ. ಖಡ್ಗ ಒರೆಯಿಂದ ಸರ್ರನೆ ಹೊರಬಂತು. ಅವಳ ಕೈಯಲ್ಲಿ ಒರೆಯಿಲ್ಲದ ಅಲಗು, ನನ್ನ ಕೈಯಲ್ಲಿ ಅಲಗಿಲ್ಲದ ಒರೆ. ಎರಡೂ ಬಿಡಿಯಾಗಿ ಪ್ರಯೋಜನವಿಲ್ಲ ಎಂದು ನಗುತ್ತ ಇಬ್ಬರೂ ಸೇರಿ ಕೊಂಡೆವು.

ಈ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಒಳ್ಳೆಯ ಕತೆ. ತೊಂದರೆಯೇನೆಂದರೆ, ಹಾಗೆ ಆಗಿರಲಿಕ್ಕೆ ಸಾಧ್ಯವಿಲ್ಲ. ಈ ಖಡ್ಗಗಳ ಹಿಡಿಯ ಒಳಬದಿಯಲ್ಲಿ ಕಿವಿಯಂಥ ಒಂದು ಮಡಚುವ ತಗಡಿದೆ. ಅದರ ತೂತು ಒರೆಯ ಬಾಯಿಯಲ್ಲಿರುವ ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಹಡಗು ಹೊರಳಾಡುವಾಗ, ಅಧಿಕಾರಿ ದೋಣಿಗೆ ಇಳಿಯಲು ಬಾಗುವಾಗ, ಖಡ್ಗ ಜಾರಿ ಸಮುದ್ರಕ್ಕೆ ಬೀಳಬಾರದೆಂಬ ಉಪಾಯ. ನಾವು ಮನೆಗೆ ತಂದಾಗ ನಮ್ಮ ಖಡ್ಗದ ಆ ತಗಡು ಗುಂಡಿಗೆ ಕಿಲುಬು ಹಿಡಿದು ಅಂಟಿಕೊಂಡಿತ್ತು, ಬಿಡಿಸಲು ಎಣ್ಣೆ ಹಾಕಿ ಕಾಯಬೇಕಾಯಿತು, ಇದು ಮಾತ್ರ ನನಗೆ ಖಂಡಿತ ಗೊತ್ತು. ಹಾಗಾದರೆ ಅಂಗಳದಲ್ಲಿ ಸರ್ರನೆ ಹೊರಬಂದದ್ದು ಯಾವುದು? ರತ್ನಳ ಪ್ರಕಾರ ಏನೂ ಹೊರಬರಲಿಲ್ಲ. ನಾವಿಬ್ಬರೂ ಎಳೆದಾಡಿದ್ದನ್ನು ನೋಡಿ ಮುದುಕಿಯೇ ಬಂದು, ಸೇರಿ ತಗೊಳ್ಳಿ ಎಂದರಂತೆ. ಅವಳ ಕತೆ ನನ್ನದರಷ್ಟು ಚೆನ್ನಾಗಿಲ್ಲ, ಹಾಗಾಗಿ ನಿಜವಿರಬಹುದು. ಆದರೂ ನಾನು ನನ್ನದನ್ನೇ ಹೇಳುತ್ತೇನೆ, ಕೊನೆಗೆ ಈ ತಗಡಿನ ವಿಷಯವನ್ನೂ ಸೇರಿಸುತ್ತೇನೆ. ಕತೆಗೂ ಒಂದು ಒರೆ ಬೇಕಲ್ಲ.

ಅನಂತರ ನಾನು ಇನ್ನೆರಡನ್ನು ಕೊಂಡೆ. ರತ್ನಾ ಕೊಳ್ಳಲಿಲ್ಲ. ಒಂದು ಸಿಂಹ ಸಾಕು, ಮನೆ ಮೃಗಾಲಯ ಅಲ್ಲ ಎಂದಳು. ಆ ಒಂದು ಸಿಂಹಕ್ಕೆ ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು: ಈಸ್ಟರಿನಿಂದ ದಸರೆಯವರೆಗೆ ನಮ್ಮ ಮನೆಯಲ್ಲಿ, ದಸರೆಯಿಂದ ಈಸ್ಟರಿನವರೆಗೆ ಅವಳ ಮನೆಯಲ್ಲಿ. ವರ್ಷಕ್ಕೆ ಎರಡು ಸಲ ಖಡ್ಗ ನೈಟಿ ತೊಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ, ಸಮುದ್ರದ ಮೇಲಿನ ಸೇತುವೆ ದಾಟುತ್ತಿತ್ತು. ಮೊದಲ ಸಲ ಹಾಗೆ ಒಯ್ಯುವಾಗ ಲ್ಯಾನ್ಸಿ ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದರು. ಪೊಲೀಸರು ನಿಲ್ಲಿಸಿದರೆ ಏನು ಹೇಳುವುದು ಎಂದು ಕೇಳಿದ್ದಕ್ಕೆ, ನನ್ನ ಹೆಂಡತಿಯ ಅಜ್ಜಿ, ನಿದ್ದೆಯಲ್ಲಿದ್ದಾರೆ ಎನ್ನುತ್ತೇನೆ ಎಂದರು.

ಇದರ ನಡುವೆ ನಾವಿಬ್ಬರೂ ಖಡ್ಗದ ವಿಷಯದಲ್ಲಿ ಒಂದಿಷ್ಟು ಓದಿ, ಒಂದಿಷ್ಟು ಕೇಳಿ, ಒಂದಿಷ್ಟು ಊಹಿಸಿ ತಿಳಿದವರಾದೆವು. ಮುದುಕಿ ಮಾರುವಾಗ, ತನ್ನ ಮುತ್ತಜ್ಜ ಇದರಿಂದ ಕಡಲ್ಗಳ್ಳರನ್ನು ಕತ್ತರಿಸಿದ್ದ ಎಂದಿದ್ದರು. ಅಲಗನ್ನು ನೋಡಿದರೆ ಅದನ್ನು ಯಾರೂ ಎಂದೂ ಹರಿತ ಮಾಡಿದ್ದೇ ಇಲ್ಲ. ಕಡಲ್ಗಳ್ಳರಿರಲಿ, ಬಾಳೆದಿಂಡನ್ನೂ ಅದು ಕತ್ತರಿಸಲಾರದು. ಈ ಖಡ್ಗಗಳಲ್ಲಿ ಬಹಳಷ್ಟರ ಹಣೆಬರಹ ಅದೇ. ಯುದ್ಧ ಮಾಡುವುದು ತೋಪುಗಳ ಕೆಲಸವಾಗಿತ್ತು. ಖಡ್ಗದ ಕೆಲಸ ಮೆರವಣಿಗೆಯಲ್ಲಿ ಹೊಳೆಯುವುದು, ಮದುವೆಯಲ್ಲಿ ಕಮಾನಾಗುವುದು, ಚಿತ್ರ ಬರೆಸಿಕೊಳ್ಳುವಾಗ ಎಡಗೈಗೆ ಒಂದು ಉದ್ಯೋಗ ಕೊಡುವುದು. ಹೊಳೆಯುವುದಕ್ಕೆಂದೇ ಹುಟ್ಟಿದ ಆಯುಧಗಳು. ಈ ಮಾತನ್ನು ಬರೆಯುವಾಗ ಮುಂದೆ ಬರುವ ವಿಷಯದಲ್ಲಿ ಇದು ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆಂದು ಗೊತ್ತಿದೆ, ಆದರೂ ಬಿಟ್ಟಿದ್ದೇನೆ.

ಸಂಗ್ರಾಹಕರ ಧರ್ಮದಲ್ಲಿ ಒಂದು ಕಟ್ಟಳೆಯಿದೆ: ಹಳೆಯದನ್ನು ಹೊಳೆಯಿಸಬಾರದು. ಲೋಹದ ಮೇಲೆ ಕಾಲ ಕೂರಿಸಿದ ಮಬ್ಬು, ಕಪ್ಪು, ಸಂದಿಯ ಹಸಿರು, ಅದೇ ಅದರ ಪುರಾವೆ, ಅದೇ ಅದರ ಮರ್ಯಾದೆ. ಧೂಳನ್ನು ಒರೆಸು, ತುಕ್ಕು ಹರಡದಂತೆ ತಡೆ, ಮೇಣ ಹಚ್ಚು, ಅಷ್ಟೇ. ಮೈಸೂರಿನ ಮನೆಗಳ ಧರ್ಮದಲ್ಲಿ ಇನ್ನೊಂದು ಕಟ್ಟಳೆಯಿದೆ: ದೇವರ ಮುಂದೆ ಇಡುವ ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಬೇಕು. ಎರಡು ಧರ್ಮಗಳೂ ಒಂದು ಸೇತುವೆಯ ಎರಡು ದಡಗಳಲ್ಲಿ ನೆಮ್ಮದಿಯಾಗಿದ್ದವು, ಏಕೆಂದರೆ ಪ್ರತಿ ವರ್ಷ ನಾನು ಖಡ್ಗವನ್ನು ಒಯ್ದು ಕೊಡುತ್ತಿದ್ದದ್ದು ಹಬ್ಬ ಮುಗಿದ ಮೇಲಿನ ರಜೆಯಲ್ಲಿ. ಕಳೆದ ದಸರೆಗೆ ರತ್ನಾ, ಈ ಸಲ ಹಬ್ಬಕ್ಕೆ ಮೊದಲೇ ಕೊಡು ಎಂದಳು. ಏಕೆಂದು ನಾನು ಕೇಳಲಿಲ್ಲ. ಕೊಟ್ಟೆ.

ಆಯುಧಪೂಜೆಯ ದಿನ ಊಟಕ್ಕೆ ಕರೆದಿದ್ದಳು. ಕೆಳಗೆ ನಿಲ್ಲಿಸಿದ್ದ ಕಾರುಗಳ ಮೂತಿಗೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಪಕ್ಕದ ಕೋಲ್ಡ್ ಸ್ಟೋರಿನ, ಅಂದರೆ ಇಲ್ಲಿನ ದಿನಸಿ ಅಂಗಡಿಯ, ಮಲಯಾಳಿಯ ತಕ್ಕಡಿಗೂ ಗಂಧ. ಒಳಗೆ ದೇವರ ಮುಂದೆ ಬಾಳೆ ಎಲೆಯ ಮೇಲೆ ಅವಳ ಗಂಡನ ಲ್ಯಾಪ್‌ಟಾಪ್, ಮಿಕ್ಸಿ, ಕತ್ತರಿ, ಸ್ಕ್ರೂಡ್ರೈವರುಗಳು, ಇವೆಲ್ಲದರ ನಡುವೆ ಮಹಾರಾಜನಂತೆ ನಮ್ಮ ಖಡ್ಗ. ಅದು ಹೊಳೆಯುತ್ತಿತ್ತು. ಹೋಟೆಲಿನಲ್ಲಿ ಕಾಫಿ ಕೊಡುವ ಹಿತ್ತಾಳೆಯ ಲೋಟದಂತೆ, ಗುಲಾಬಿ ಮಿಶ್ರಿತ ಹಳದಿಯಾಗಿ, ಕಣ್ಣಿಗೆ ಚುಚ್ಚುವಂತೆ ಹೊಳೆಯುತ್ತಿತ್ತು. ಕೇಸರದ ಸಂದಿಯಲ್ಲಿದ್ದ ಹಸಿರು ಹೋಗಿತ್ತು. ಲಂಗರಿನ ಹಗ್ಗದ ಸುತ್ತ ಅಲ್ಲಲ್ಲಿ ಉಳಿದಿದ್ದ ಹಳೆಯ ಚಿನ್ನದ ಲೇಪ ಹೋಗಿತ್ತು. ಸಿಂಹ ಕ್ಷೌರದಂಗಡಿಯಿಂದ ಆಗಷ್ಟೇ ಎದ್ದುಬಂದಂತಿತ್ತು. ಅದರ ಹಣೆಯ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ.

ಆಮೇಲೆ ಆದ ಮಾತುಗಳನ್ನು ನಾನು ಬಹಳ ಸಲ ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದ್ದೇನೆ, ಪ್ರತಿ ಸಲವೂ ನಾನೇ ಗೆಲ್ಲುತ್ತೇನೆ, ಆದ್ದರಿಂದ ಆ ಕತೆಯನ್ನು ನಂಬಬೇಡಿ. ಇದರಿಂದ ಏನೇನು ಹೋಯಿತೆಂದು ನಾನು ಹೇಳಿದೆ. ದೇವರ ಮುಂದೆ ಕೊಳೆ ಇಡುತ್ತಾರಾ ಎಂದು ಅವಳು ಕೇಳಿದಳು. ಅದು ಕೊಳೆಯಲ್ಲ, ಚರಿತ್ರೆ ಎಂದೆ. ಚರಿತ್ರೆಯಾದರೆ ತೊಳೆಯಲೇಬೇಕು ಎಂದಳು. ಇದು ಒಳ್ಳೆಯ ಮಾತೆಂದು ಆಗಲೂ ಅನಿಸಿತ್ತು, ಒಪ್ಪಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಲ್ಲಿಗೆ ನಿಂತಿದ್ದರೆ ಪಾಯಸ ತಿಂದು ಎದ್ದುಬರಬಹುದಿತ್ತು. ಆದರೆ ಮುಂದೆ ಎರಡು ವಾಕ್ಯಗಳು ಬಂದವು. "ನಿನಗೆ ಪೂಜೆ ಅಂದ್ರೆ ಏನು ಅಂತ ಗೊತ್ತಿಲ್ಲ ಜೆಸ್ಸಿ" ಎಂಬುದು ಒಂದು. "ನಿನಗೆ ಖಡ್ಗ ಅಂದ್ರೆ ಎಂತ ಅಂತ ಗೊತ್ತಿಲ್ಲ" ಎಂಬುದು ಇನ್ನೊಂದು. ಯಾವುದು ಮೊದಲು ಬಂತೆಂದು ನಾವಿಬ್ಬರೂ ಇವತ್ತಿಗೂ ಒಪ್ಪುವುದಿಲ್ಲ. ಎರಡನೆಯದು ಸಣ್ಣ ಮಾತು; ಮೊದಲನೆಯದು ನಮ್ಮಿಬ್ಬರ ನಡುವೆ ಅಷ್ಟು ವರ್ಷ ಯಾರೂ ನೋಡದೆ ಬಿದ್ದುಕೊಂಡಿದ್ದ ಒಂದು ಗೆರೆಯನ್ನು ತೋರಿಸಿಬಿಟ್ಟಿತು. ಅವಳ ಮನೆಯ ಪ್ರಸಾದ ನಾನು ಯಾವತ್ತೂ ಬೇಡವೆಂದವಳಲ್ಲ. ನಮ್ಮ ಮನೆಯ ಕ್ರಿಸ್ಮಸಿನ ಕುಸ್ವಾರ್ ತಿಂಡಿಯ ಡಬ್ಬಿಯನ್ನು ಅವಳು ಖಾಲಿಯಾಗಿ ಹಿಂತಿರುಗಿಸಿದವಳಲ್ಲ. ಊಟ ಮಾಡಿದೆವು, ಪಾಯಸ ಬರುವ ಮೊದಲೇ ನಾನು ಎದ್ದೆ. ಮನೆಗೆ ಬಂದು ಹೇಳಿದಾಗ ಲ್ಯಾನ್ಸಿ, ಖಲ್ಲಿವಲ್ಲಿ ಮಾಡು, ಬಿಟ್ಟುಹಾಕು, ಒಂದು ತುಂಡು ಹಿತ್ತಾಳೆ ಅಲ್ಲವಾ ಎಂದರು. ಆ ರಾತ್ರಿ ಅವರಿಗೆ ನಿನ್ನೆಯ ಸಾರು ಸಿಕ್ಕಿತು.

ಮೌನ ಎಂಬುದು ವಿಚಿತ್ರ ವಸ್ತು. ದಿನಕ್ಕೆ ಒಂದು ಪದರದಂತೆ ಕೂರುತ್ತದೆ, ಯಾರೂ ಕೂರಿಸುವುದಿಲ್ಲ. ಕ್ರಿಸ್ಮಸಿಗೆ ಡಬ್ಬಿ ಹೋಗಲಿಲ್ಲ. ಆ ದಿನಗಳಲ್ಲಿ ಒಂದು ಸಂಜೆ ಮೇಣ ಹಚ್ಚಲೆಂದು ನನ್ನ ಎರಡನೆಯ ಖಡ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅದರ ಸಿಂಹದ ಮೂಗು ತೇದುಹೋಗಿದೆ, ಹುಬ್ಬು ನುಣುಪಾಗಿದೆ, ತಟ್ಟೆಯ ಉಬ್ಬಿನ ಮೇಲೆಲ್ಲ ಚಿನ್ನ ಮಾಸಿ ಹಿತ್ತಾಳೆ ಕಾಣುತ್ತದೆ. ಕೊಳ್ಳುವಾಗಲೇ ನೋಡಿದ್ದೆ, ಹಳೆಯದರ ಲಕ್ಷಣವೆಂದು ಖುಷಿಪಟ್ಟಿದ್ದೆ. ಈಗ ಹೆಬ್ಬೆರಳು ಆ ನುಣುಪಿನ ಮೇಲೆ ಓಡಾಡುವಾಗ ಬೇರೊಂದು ಯೋಚನೆ ಬಂತು: ಇದನ್ನು ತೇದವರು ಯಾರು? ಯುದ್ಧವಲ್ಲ, ಸಮುದ್ರದ ಗಾಳಿಯೂ ಅಲ್ಲ. ಅಧಿಕಾರಿಯ ಆಳೊಬ್ಬ ಬಟ್ಟೆಯ ತುಂಡು ಹಿಡಿದು, ಯಾವುದೋ ಪುಡಿ ಹಾಕಿ, ಹಡಗಿನ ಮೂಲೆಯಲ್ಲಿ ಕೂತು, ಮೆರವಣಿಗೆಗೆ ಮುಂಚೆ, ಭಾನುವಾರದ ತಪಾಸಣೆಗೆ ಮುಂಚೆ, ಸಿಂಹದ ಮುಖ ಸವೆಯುವಷ್ಟು ತಿಕ್ಕಿರಬೇಕು. ಖಡ್ಗ ಬದುಕಿದ್ದ ಕಾಲದಲ್ಲೆಲ್ಲ ಅದನ್ನು ಯಾರೋ ಬೆಳಗುತ್ತಲೇ ಇದ್ದರು. ಮಬ್ಬು, ಕಪ್ಪು, ಹಸಿರು ಕೂತದ್ದು ಆಮೇಲೆ, ಯಾರಿಗೂ ಬೇಡವಾಗಿ ಕೊಡೆಗಳ ನಡುವೆ ನಿಂತ ಮೇಲೆ. ನಾನು ಚರಿತ್ರೆ ಎಂದು ಕೈಮುಗಿಯುತ್ತಿದ್ದದ್ದರಲ್ಲಿ ದೊಡ್ಡ ಭಾಗ ಬರೀ ಅಲಕ್ಷ್ಯ.

ಇದರಿಂದ ನಾನು ಕೂಡಲೇ ಬದಲಾದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ಲೇಪ ಹೋದದ್ದು ಹೋದದ್ದೇ, ಅದು ಹಿಂತಿರುಗುವುದಿಲ್ಲ, ಹುಣಸೆಹಣ್ಣಿನ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ ಎಂದು ಈಗಲೂ ಎನ್ನುತ್ತೇನೆ. ಆದರೆ ಸರಿಯಾಗಿರುವುದರ ರುಚಿ ಅಂದಿನಿಂದ ಸ್ವಲ್ಪ ಸಪ್ಪೆಯಾಯಿತು.

ಹೊಸವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಚಿತ್ರಗಳು ಬಂದವು: ಬಟ್ಟೆ ಒಗೆಯುವ ಯಂತ್ರ, ಎರಡು ಕುರ್ಚಿ, ದೊಡ್ಡ ಕುಕ್ಕರು, ಪುಸ್ತಕದ ಕಪಾಟು. ಊರಿಗೆ ಹೊರಟಿದ್ದೇವೆ, ಬೇಕಾದವರು ಬಂದು ನೋಡಿ ಎಂದು ರತ್ನಾ ಬರೆದಿದ್ದಳು. ಅವಳ ಗಂಡನ ಕೆಲಸದ ಕರಾರು ಮುಗಿದಿತ್ತು, ಇಬ್ಬರೂ ಮೈಸೂರಿಗೆ ಹೋಗುವವರು, ಮತ್ತೆ ಬರುವವರಲ್ಲ. ಗಲ್ಫಿನಲ್ಲಿ ನಾವೆಲ್ಲ ಹೀಗೆಯೇ ಒಬ್ಬರ ಅಗಲಿಕೆಯನ್ನು ಇನ್ನೊಬ್ಬರು ಕುಕ್ಕರಿನ ಚಿತ್ರ ನೋಡಿ ತಿಳಿಯುತ್ತೇವೆ. ನಾನು ಆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಕಪಾಟಿನ ಹಿಂದೆ ನೀಲಿ ಹೂವಿನ ನೈಟಿಯ ಅಂಚು ಕಂಡಿತು. ಮಾರಾಟಕ್ಕಿದೆಯೋ, ಸುಮ್ಮನೆ ಅಲ್ಲಿದೆಯೋ ತಿಳಿಯಲಿಲ್ಲ. ಊರಿಗೆ ಖಡ್ಗ ಒಯ್ಯುವುದೆಂದರೆ ಎರಡು ದೇಶಗಳ ಕಾಗದಪತ್ರ, ಅವಳು ಅದಕ್ಕೆ ಕೈಹಾಕುವುದಿಲ್ಲ. ಖಡ್ಗ ಯಾರ ಕೈ ಸೇರುತ್ತದೋ ಎಂದು ಚಡಪಡಿಸುತ್ತಿದ್ದೇನೆಂದು ಮಧ್ಯಾಹ್ನದವರೆಗೆ ನನಗೆ ನಾನೇ ಹೇಳಿಕೊಂಡೆ. ಊಟದ ಹೊತ್ತಿಗೆ ಅದು ಸುಳ್ಳೆಂದು ಗೊತ್ತಾಯಿತು. ಅವಳು ಹೀಗೆಯೇ, ಮಾತಿಲ್ಲದೆ ಹೊರಟುಹೋದರೆ, ಮೈಸೂರಿಗೆ ಫೋನು ಮಾಡಲು ನನಗೆ ಯಾವ ನೆಪವೂ ಉಳಿಯುವುದಿಲ್ಲ. ಖಡ್ಗ ಹೋದರೂ ನನಗೆ ಇನ್ನೆರಡಿವೆ, ರತ್ನಾ ಒಬ್ಬಳೇ.

ಏನು ಬರೆಯಲಿ ಎಂದು ನಾನು ಪದಗಳನ್ನು ಹಾಕಿ ತೆಗೆದು ಮಾಡುತ್ತಿರುವಾಗ ಅವಳದೇ ಸಂದೇಶ ಬಂತು: ಖಡ್ಗ ಬಂದು ತಗೊಂಡು ಹೋಗು. ಅಷ್ಟೇ. ಹೆಸರಿಲ್ಲ, ಕಣೇ ಇಲ್ಲ. ಮೈಸೂರಿನವರು ಕಣೇ ಬಿಟ್ಟು ಬರೆದರೆಂದರೆ ವಿಷಯ ಗಂಭೀರ.

ಶುಕ್ರವಾರ, ಇಲ್ಲಿನ ರಜೆಯ ದಿನ, ಇಗರ್ಜಿಯ ಪೂಜೆ ಮುಗಿಸಿಕೊಂಡು, ಲ್ಯಾನ್ಸಿಯನ್ನು ಕೆಳಗೆ ಕಾರಿನಲ್ಲೇ ಕೂರಿಸಿ, ಒಬ್ಬಳೇ ಹತ್ತಿದೆ. ಬಾಗಿಲು ತೆರೆದೇ ಇತ್ತು. ಮನೆ ದನಿ ಪ್ರತಿಧ್ವನಿಸುವಷ್ಟು ಖಾಲಿಯಾಗಿತ್ತು; ಗೋಡೆಯ ಮೇಲೆ ಚಿತ್ರಗಳಿದ್ದ ಜಾಗದಲ್ಲಿ ಬಿಳಿ ಚೌಕಗಳು. ಊಟದ ಮೇಜಿನ ಮೇಲೆ ಖಡ್ಗ ಇತ್ತು, ಅದರ ಮೊನೆ ನೇರ ನನ್ನ ಕಡೆಗೆ. ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ಇದಕ್ಕೆ ಕಾರಣವಿದೆ. ಆ ನೌಕಾಪಡೆಯಲ್ಲಿ ಅಧಿಕಾರಿಯೊಬ್ಬನ ವಿಚಾರಣೆಯಾದರೆ ಅವನ ಖಡ್ಗವನ್ನು ಮೇಜಿನ ಮೇಲೆ ಇಡುತ್ತಿದ್ದರು. ತೀರ್ಪು ಓದುವ ಮೊದಲೇ, ಅವನು ಒಳಬರುವಾಗಲೇ, ಮೊನೆ ಅವನ ಕಡೆಗಿದ್ದರೆ ಅಪರಾಧಿ ಎಂದು ಅವನಿಗೆ ತಿಳಿದುಬಿಡುತ್ತಿತ್ತು. ಇದನ್ನು ಓದಿ ನನಗೆ ಹೇಳಿದವಳು ರತ್ನಳೇ. ಬಾಗಿಲಲ್ಲೇ ನಿಂತೆ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು, ನಾನು ಮೇಜನ್ನು ನೋಡುತ್ತಿರುವುದನ್ನು ನೋಡಿದಳು.

"ಅಯ್ಯೋ, ಅದಕ್ಕೇನೂ ಅರ್ಥ ಇಲ್ಲ ಕಣೇ" ಎಂದಳು. "ಪಕ್ಕದಲ್ಲಿ ಕುಕ್ಕರ್ ಇಟ್ಟಿದ್ದೆ, ಅಡ್ಡ ಇಡೋಕೆ ಜಾಗ ಇರಲಿಲ್ಲ."

ಕಣೇ ಬಂದಿತ್ತು. ನಾನು ಒಳಗೆ ಹೋದೆ.

ಹತ್ತಿರ ಹೋದಾಗ ಕಂಡಿತು: ಹಿತ್ತಾಳೆಯ ಕಣ್ಣು ಚುಚ್ಚುವ ಹೊಳಪು ಇಳಿದು, ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಈ ಸಮುದ್ರದ ಗಾಳಿ ತನ್ನ ಕೆಲಸ ಶುರುಮಾಡಿಕೊಂಡಿತ್ತು, ಯಾರ ಧರ್ಮವನ್ನೂ ಕೇಳದೆ. ಸಿಂಹದ ಹಣೆಯ ಮೇಲೆ ದಸರೆಯ ಕುಂಕುಮ ಹಾಗೇ ಇತ್ತು, ಒಣಗಿ, ಕೇಸರದ ಮೊದಲ ಗೆರೆಗಳಲ್ಲಿ ಇಳಿದು ಕೂತಿತ್ತು. ಏಕೆ ಒರೆಸಲಿಲ್ಲ ಎಂದು ಕೇಳಿದೆ. ನಿನ್ನ ಮಾತು ಕೇಳಿದ ಮೇಲೆ ಅದನ್ನು ಮುಟ್ಟುವುದಕ್ಕೇ ಹೆದರಿಕೆಯಾಯಿತು ಎಂದಳು. ಆಮೇಲೆ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತು, ಟೇಪಿನ ಸುರುಳಿಯ ತುದಿಯನ್ನು ಉಗುರಿನಿಂದ ಹುಡುಕುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಅದು ಇಲ್ಲಿನ ಕೊನೆ ಹಬ್ಬ ಅಂತ ನಂಗೆ ಆಗಲೇ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಇವರಿಗೆ ಬೇರೆ ಕೆಲಸ ಸಿಗಬಹುದು ಅಂತಿದ್ರು. ಇಷ್ಟು ವರ್ಷ ನಮ್ ಜೊತೆ ಇತ್ತಲ್ಲ, ಒಂದ್ಸಲನಾದ್ರೂ ಪೂಜೆಗೆ ಕೂತ್ಕೊಳ್ಲಿ, ಚೆನ್ನಾಗಿ ಕಾಣ್ಲಿ ಅಂತ ಬೆಳಿಗ್ಗೆ ಎದ್ದು ಉಜ್ಜಿದೆ. ನೀನು ನೋಡಿ ಖುಷಿ ಪಡ್ತೀಯ ಅಂದ್ಕೊಂಡಿದ್ದೆ."

ನಾನು ಸಿಂಹದ ಹಣೆಯನ್ನು ತೋರಿಸಿ, ಈ ಕುಂಕುಮವನ್ನು ನಾನು ತೆಗೆಯುವುದಿಲ್ಲ ಎಂದೆ. ವಸ್ತುವಿನ ಮೇಲೆ ಬಿದ್ದ ಗುರುತನ್ನು ಅಳಿಸಬಾರದೆಂಬುದು ನಮ್ಮ ಕಟ್ಟಳೆ. ಯಾವುದೋ ಅಧಿಕಾರಿಯ ಬೆರಳಿನ ಬೆವರು ಚರಿತ್ರೆಯಾಗುವುದಾದರೆ ರತ್ನಳ ಬೆರಳಿನ ಕುಂಕುಮವೂ ಆಗಲೇಬೇಕು. ಇನ್ನೊಂದು ನೂರು ವರ್ಷದ ಮೇಲೆ ಯಾರೋ ಇದನ್ನು ಕೊಂಡು, ಕೇಸರದ ಸಂದಿಯ ಕೆಂಪನ್ನು ನೋಡಿ, ಕಡಲ್ಗಳ್ಳರ ರಕ್ತ ಎಂದುಕೊಳ್ಳುತ್ತಾರೆ ಎಂದೆ. ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು, ಅವೆರಡರ ಕ್ರಮವೂ ನನಗೆ ಖಚಿತವಿಲ್ಲ. ಕೆಳಗಿನಿಂದ ಲ್ಯಾನ್ಸಿ ಹಾರ್ನ್ ಮಾಡಿದರು.

ಹೊರಡುವಾಗ ಅವಳು ಖಡ್ಗಕ್ಕೆ ನೈಟಿ ತೊಡಿಸಿ, ಲಾಡಿ ಕಟ್ಟಿ, ಎತ್ತಿಕೊಂಡು ಬಂದು ನನ್ನ ಕಾಲಬುಡದಲ್ಲಿ ನೆಲದ ಮೇಲೆ ಮಲಗಿಸಿದಳು. ನಾನು ಕೈ ಚಾಚಿದ್ದವಳು ಹಾಗೇ ನಿಂತೆ. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ. ಉಪ್ಪನ್ನೂ ಮೆಣಸನ್ನೂ ಹಾಗೆಯೇ. ನನ್ನ ಅಮ್ಮನೂ ಮೀನು ಕೊಯ್ಯುವ ಕತ್ತಿಯನ್ನು ನೆಲದ ಮೇಲಿಟ್ಟು, ತಗೋ ಎನ್ನುತ್ತಿದ್ದಳು. ಕಾರ್ಕಳದಲ್ಲೂ ಮೈಸೂರಿನಲ್ಲೂ ಇಗರ್ಜಿಗೂ ದೇವಸ್ಥಾನಕ್ಕೂ ಹೋಗುವವರು ಇದೊಂದರಲ್ಲಿ ಒಂದೇ ಮತದವರು. ಇಲ್ಲಿಯವರೆಗೆ ನಮ್ಮ ಖಡ್ಗ ಕಾರಿನ ಸೀಟಿನಿಂದ ಮೇಜಿಗೆ, ಮೇಜಿನಿಂದ ಸೀಟಿಗೆ ದಾಟುತ್ತಿದ್ದುದರಿಂದ ಈ ವಿಷಯ ಎಂದೂ ಎದ್ದಿರಲಿಲ್ಲ.

"ಕೈಯಲ್ಲೇ ಕೊಡು" ಎಂದೆ.

"ಬೇಡಮ್ಮ. ಜಗಳ ಆಗುತ್ತೆ."

"ಇನ್ನೆಂತ ಜಗಳ ಬಾಕಿ ಉಂಟು ಮಾರಾಯ್ತಿ? ಮೊದಲೇ ಆಗಿ ಮುಗಿದಿದೆ ಅಲ್ಲವಾ?"

ಅವಳು ಬಗ್ಗಿ, ಖಡ್ಗವನ್ನು ಎತ್ತಿ, ಮಗುವನ್ನು ಕೊಡುವಂತೆ ಎರಡೂ ಕೈಗಳ ಮೇಲೆ ಇಟ್ಟು ನನ್ನ ಎರಡೂ ಕೈಗಳ ಮೇಲೆ ಇಳಿಸಿದಳು. ಅವಳ ಕೈ ತೆಗೆಯುವ ಮೊದಲೇ, ಆ ಮೇಣ ಹಚ್ಚುವುದನ್ನು ನಿಲ್ಲಿಸು, ಮೇಣಕ್ಕೆ ಧೂಳು ಅಂಟುತ್ತದೆ ಎಂದಳು. ಅಂಟುವುದಿಲ್ಲ ಎಂದೆ. ಅಂಟುತ್ತದೆ, ನಾನು ನೋಡಿದ್ದೇನೆ ಎಂದಳು. ಮೆಟ್ಟಿಲು ಇಳಿಯುವಷ್ಟು ಹೊತ್ತೂ ಅದೇ ನಡೆಯಿತು. ಕಾರಿನ ಬಾಗಿಲು ಹಾಕಿದ ಮೇಲೂ ಅವಳು ಗಾಜು ಇಳಿಸಲು ಹೇಳಿ ಇನ್ನೊಂದು ವಾದ ಸೇರಿಸಿದಳು. ಲ್ಯಾನ್ಸಿ ಇಬ್ಬರನ್ನೂ ನೋಡಿ, ಗಾಡಿ ಶುರುಮಾಡಿ, ಮತ್ತೆ ಆರಿಸಿ ಕೂತರು.

ಈಗ ವಾರಕ್ಕೊಮ್ಮೆಯಾದರೂ ಮೈಸೂರಿನಿಂದ ಫೋನು ಬರುತ್ತದೆ. ಮೇಣದ ವಾದ ಮುಗಿದಿಲ್ಲ. ಅದರ ಮೇಲೆ ಆ ಎರಡು ವಾಕ್ಯಗಳಲ್ಲಿ ಯಾವುದು ಮೊದಲು ಎಂಬುದು, ಬರುವ ದಸರೆಯ ನಂತರ ಖಡ್ಗ ಲೆಕ್ಕದ ಪ್ರಕಾರ ಯಾರದ್ದು ಎಂಬುದು, ಅಂಗಳದಲ್ಲಿ ಅದು ಹೊರಬಂತೋ ಇಲ್ಲವೋ ಎಂಬುದು ಸೇರಿಕೊಂಡಿವೆ. ಹಿರಿಯರು ಹೇಳಿದ್ದು ನೂರಕ್ಕೆ ನೂರು ನಿಜ. ಅಂದು ನೆಲದ ಮೇಲಿಂದ ಎತ್ತಿಕೊಂಡಿದ್ದರೆ ಎಲ್ಲವೂ ಶಾಂತವಾಗಿರುತ್ತಿತ್ತು. ಕೈಯಿಂದ ಕೈಗೆ ಕೊಟ್ಟೆವು, ಜಗಳ ನಿಂತೇ ಇಲ್ಲ.